ನದಿಯ ಏರಿಳಿತದಲ್ಲಿ ವಲಸೆ ಹಕ್ಕಿಗಳಿಗೂ ಪಾಲು ಕೊಡಿ: ನದಿ ಕಣಿವೆಗಳ ನೀರು ನಿರ್ವಹಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನದಿ ಕಣಿವೆ ಪ್ರಾಧಿಕಾರಗಳ ಅಧ್ಯಕ್ಷರು ಮತ್ತು ಸದಸ್ಯರು,
ಅಣೆಕಟ್ಟುಗಳಿಂದ ನೀರು ಬಿಡುವ ವೇಳಾಪಟ್ಟಿಯನ್ನು ನಿರ್ಧರಿಸುವ ಇಂಜಿನಿಯರುಗಳು

ವಿಷಯ: ವಲಸೆ ಹಕ್ಕಿಗಳು ಬಂದುಹೋಗುವ ತಿಂಗಳುಗಳಲ್ಲಿ ನದಿಯ ಸಹಜ ಏರಿಳಿತವನ್ನು ಉಳಿಸಿಕೊಡುವ ಕುರಿತು

ಮಾನ್ಯರೇ,

ನದಿಗಳಲ್ಲಿ ಯಾವ ತಿಂಗಳು ಎಷ್ಟು ನೀರು ಹರಿಯಬೇಕು ಎಂಬುದನ್ನು ಇಂದು ಹೆಚ್ಚಿನ ಕಡೆ ತೀರ್ಮಾನಿಸುವವರು ತಾವು. ಸಾವಿರ ಕಿಲೋಮೀಟರಿಗಿಂತ ಉದ್ದವಾದ ನದಿಗಳ ಪೈಕಿ ತಮ್ಮ ಪೂರ್ತಿ ಉದ್ದಕ್ಕೂ ತಡೆಯಿಲ್ಲದೆ ಹರಿಯುವವು ಶೇ 37ರಷ್ಟು ಮಾತ್ರ ಉಳಿದಿವೆ ಎಂದು 2019ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು ಲೆಕ್ಕ ಹಾಕಿದೆ. ಮಿಕ್ಕ ನದಿಗಳಲ್ಲಿ ನೀರು ಏರುವುದೂ ಇಳಿಯುವುದೂ ಬಹುಮಟ್ಟಿಗೆ ಗೇಟುಗಳನ್ನು ಅವಲಂಬಿಸಿದೆ. ಆದ್ದರಿಂದಲೇ ಈ ಪತ್ರವನ್ನು ಅರಣ್ಯ ಇಲಾಖೆಗಳಿಗೋ ಪಕ್ಷಿಧಾಮಗಳ ಮೇಲ್ವಿಚಾರಕರಿಗೋ ಬರೆಯದೆ ನೇರವಾಗಿ ತಮಗೆ ಬರೆಯುತ್ತಿದ್ದೇನೆ. ಪಕ್ಷಿಧಾಮದ ಬೇಲಿ ಎಷ್ಟೇ ಭದ್ರವಾಗಿದ್ದರೂ ಅದರೊಳಗಿನ ನೀರಿನ ಮಟ್ಟ ನಿರ್ಧಾರವಾಗುವುದು ಅಲ್ಲಿಂದ ಬಹುದೂರದ ತಮ್ಮ ನಿಯಂತ್ರಣ ಕೊಠಡಿಯಲ್ಲಿ.

ವಲಸೆ ಹಕ್ಕಿಗಳಿಗೆ ನೀರಿದ್ದರೆ ಸಾಕು ಎಂಬ ತಿಳಿವಳಿಕೆ ಕಚೇರಿಗಳಲ್ಲಿ ಬೇರೂರಿಬಿಟ್ಟಿದೆ. ಜಲಾಶಯ ಭರ್ತಿಯಾಗಿದೆ, ಹಕ್ಕಿಗಳಿಗೆ ಇನ್ನೇನು ಕೊರತೆ ಎಂಬ ಮಾತನ್ನು ನಾನು ಜವಾಬ್ದಾರಿಯುತ ಅಧಿಕಾರಿಗಳ ಬಾಯಲ್ಲೇ ಕೇಳಿದ್ದೇನೆ. ವಾಸ್ತವ ಹಾಗಿಲ್ಲ. ನೀರಿನ ಅಂಚಿನಲ್ಲಿ ಮೇಯುವ ಸಣ್ಣ ಗೊರವಕ್ಕೆ ಬೇಕಾದದ್ದು ಎರಡು ಮೂರು ಸೆಂಟಿಮೀಟರ್ ಆಳದ ನೀರು, ಇಲ್ಲವೇ ಈಗಷ್ಟೇ ನೀರಿನಿಂದ ಹೊರಬಂದ ಮೆತ್ತನೆಯ ಕೆಸರು. ತಲೆ ಮುಳುಗಿಸಿ, ಬಾಲ ಮೇಲೆತ್ತಿ ತಳದ ಬೀಜ, ಬೇರುಗಳನ್ನು ಮೇಯುವ ಬಾತುಗಳಿಗೆ ಒಂದು ಗೇಣಿನಷ್ಟು ಆಳ ಸಾಕು; ಅದಕ್ಕಿಂತ ಹೆಚ್ಚಾದರೆ ಅವುಗಳ ಕೊಕ್ಕು ತಳ ಮುಟ್ಟುವುದಿಲ್ಲ. ಕೊಕ್ಕರೆಯಂತೆ ಉದ್ದ ಕಾಲಿನ ದೊಡ್ಡ ಹಕ್ಕಿಗಳಾದ ಕ್ರೌಂಚಗಳು ರಾತ್ರಿ ಕಳೆಯುವುದು ಕಾಲಿನ ಕೆಳಭಾಗವಷ್ಟೇ ಮುಳುಗುವ ನೀರಿನಲ್ಲಿ ನಿಂತು; ನರಿಯೋ ನಾಯಿಯೋ ಹತ್ತಿರ ಬಂದರೆ ನೀರಿನ ಸಪ್ಪಳವೇ ಅವುಗಳನ್ನು ಎಚ್ಚರಿಸುತ್ತದೆ. ಅಂಚಿನವರೆಗೆ ತುಂಬಿ ನಿಂತ ಇಪ್ಪತ್ತು ಅಡಿ ಆಳದ ನೀರು ಈ ಯಾವ ಹಕ್ಕಿಗೂ ಮೇವು ಕೊಡುವುದಿಲ್ಲ.

ಕಣಿವೆಯ ತಗ್ಗಿನಲ್ಲಿ ಹರಿಯುವ ನದಿ ಮೇವು ಒದಗಿಸುವುದು ಏರಿ ಇಳಿಯುವ ಕ್ರಿಯೆಯ ಮೂಲಕ. ನೆರೆ ಬಂದಾಗ ನೀರು ಪಾತ್ರ ಮೀರಿ ಬಯಲಿಗೆ ಹರಡಿ, ತಾನು ಹೊತ್ತು ತಂದ ಹೂಳನ್ನು ಅಲ್ಲಿ ಇಳಿಸುತ್ತದೆ. ಕೊಳೆಯುವ ಹುಲ್ಲು, ಎಲೆಗಳ ನಡುವೆ ಕೀಟಗಳ ಮರಿಹುಳುಗಳು, ಎರೆಹುಳುಗಳು, ಬಸವನಹುಳುಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ಮೀನುಗಳು ಈ ತೆಳು ನೀರಿಗೆ ಬಂದು ಮೊಟ್ಟೆಯಿಡುತ್ತವೆ. ನೆರೆ ಇಳಿಯತೊಡಗಿದಾಗ ಪ್ರತಿದಿನವೂ ಕೆಸರಿನ ಒಂದು ಹೊಸ ಪಟ್ಟಿ ಬಯಲಾಗುತ್ತದೆ. ನಿನ್ನೆಯ ಪಟ್ಟಿ ಒಣಗಿ ಗಟ್ಟಿಯಾಗುವಷ್ಟರಲ್ಲಿ ಇಂದಿನದು ಮೇಯಲು ಸಿದ್ಧವಾಗಿರುತ್ತದೆ. ಕಿರಿದಾಗುತ್ತಿರುವ ಹೊಂಡಗಳಲ್ಲಿ ಸಿಕ್ಕಿಬಿದ್ದ ಮೀನುಮರಿಗಳು ಕೊಕ್ಕರೆ, ಬೆಳ್ಳಕ್ಕಿಗಳ ಪಾಲಾಗುತ್ತವೆ. ಈ ಇಳಿತ ವಾರಗಟ್ಟಲೆ ನಿಧಾನವಾಗಿ ನಡೆಯಬೇಕು. ಒಂದೇ ರಾತ್ರಿಯಲ್ಲಿ ಬರಿದಾದ ಬಯಲು ಎರಡು ದಿನಗಳಲ್ಲಿ ಒಣಗಿ ಬಿರುಕು ಬಿಡುತ್ತದೆ, ಎಂದಿಗೂ ಇಳಿಯದ ನೀರು ಆ ಊಟವನ್ನು ಬಡಿಸುವುದೇ ಇಲ್ಲ. ದೂರದ ಹಾರಾಟಕ್ಕೆ ಮುನ್ನ ಕೆಲವು ಜಾತಿಯ ಹಕ್ಕಿಗಳು ತಮ್ಮ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಆ ಕೊಬ್ಬಿನ ಬಹುಭಾಗ ಬರುವುದು ಇಂಥ ಕೆಲವೇ ವಾರಗಳ ಮೇವಿನಿಂದ.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲು ಕಣ್ಣಾರೆ ಕಂಡೆ. ನಾನು ವರ್ಷಗಳಿಂದ ಗಮನಿಸುತ್ತ ಬಂದಿರುವ ಒಂದು ನದಿಗೆ ಅಡ್ಡಕಟ್ಟೆ ಕಟ್ಟಿ, ಅದರ ಹಿನ್ನೀರನ್ನು ವರ್ಷವಿಡೀ ಒಂದೇ ಮಟ್ಟದಲ್ಲಿ ತುಂಬಿಡುವ ಕ್ರಮ ಜಾರಿಗೆ ಬಂತು. ಅದಾದ ಮೇಲೆ ವಲಸೆಯ ತಿಂಗಳುಗಳಲ್ಲಿ ಗೊರವಗಳ ಹಿಂಡುಗಳು ಬರುತ್ತಿದ್ದವು, ನೀರಿನ ಮೇಲೆ ಎರಡು ಮೂರು ಸುತ್ತು ಹಾಕುತ್ತಿದ್ದವು, ಕಾಲೂರಲು ಜಾಗ ಕಾಣದೆ ಮುಂದೆ ಹೋಗುತ್ತಿದ್ದವು. ಒಂದು ವರ್ಷ ಗೇಟಿನ ದುರಸ್ತಿಗೆಂದು ನೀರಿನ ಮಟ್ಟವನ್ನು ಒಂದಾಳಿನಷ್ಟು ಇಳಿಸಬೇಕಾಯಿತು. ಒಂದು ವಾರ ಕಳೆಯುವುದರೊಳಗೆ ಬಯಲಾದ ಕೆಸರಿನ ತುಂಬ ಹಕ್ಕಿಗಳಿದ್ದವು. ಗುಬ್ಬಿಯ ಗಾತ್ರದ ಗೊರವಗಳು ನೀರಿನ ಗೆರೆಗೆ ಅಂಟಿಕೊಂಡಂತೆ ನಡೆಯುತ್ತ ಎರಡು ಹೆಜ್ಜೆಗೊಮ್ಮೆ ಕೆಸರು ಕುಟುಕುತ್ತಿದ್ದವು, ಅವುಗಳಿಗಿಂತ ತುಸು ಆಳದಲ್ಲಿ ಉದ್ದ ಕಾಲಿನವು ಕಣ್ಣಿನವರೆಗೆ ಕೊಕ್ಕು ಇಳಿಸಿ ಹುಳುಗಳನ್ನು ಎಳೆದು ತೆಗೆಯುತ್ತಿದ್ದವು, ಅದರಾಚೆಗೆ ಬಾತುಗಳು. ಕಾಲಿನ ಉದ್ದಕ್ಕೆ ತಕ್ಕಂತೆ ಸಾಲುಸಾಲಾಗಿ ನಿಂತ ಆ ಹಕ್ಕಿಗಳನ್ನು ನೋಡಿದ ಯಾರಿಗೂ ಆಳವೆಂದರೆ ಏನೆಂದು ಬೇರೆಯಾಗಿ ವಿವರಿಸಬೇಕಾಗಿರಲಿಲ್ಲ. ದುರಸ್ತಿ ಮುಗಿಯಿತು, ಗೇಟು ಮುಚ್ಚಿತು, ನೀರು ಮತ್ತೆ ಮೇಲೇರಿತು, ಹಕ್ಕಿಗಳು ಹೋದವು. ಪ್ರತಿ ವರ್ಷ ಆ ತಿಂಗಳುಗಳಲ್ಲಿ ನೀರನ್ನು ಅಷ್ಟು ಇಳಿಸಿಡಬಹುದೇ ಎಂದು ಸಂಬಂಧಪಟ್ಟ ಕಚೇರಿಗೆ ಬರೆದಾಗ ನಿರ್ವಹಣಾ ನಿಯಮಗಳಲ್ಲಿ ಅದಕ್ಕೆ ಅವಕಾಶವಿಲ್ಲ ಎಂಬ ಉತ್ತರ ಬಂತು. ನೀರಿನ ಕೊರತೆಯಾಗುತ್ತದೆ ಎಂದೋ ರೈತರಿಗೆ ತೊಂದರೆಯಾಗುತ್ತದೆ ಎಂದೋ ಹೇಳಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ. ನಿಯಮದಲ್ಲಿ ಆ ಕಲಮು ಇಲ್ಲ ಎಂಬುದಷ್ಟೇ ಕಾರಣವಾಗಿತ್ತು. ನನ್ನ ದೂರಿನ ತಿರುಳು ಇದೇ.

ಏರಿಳಿತ ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ಚೀನಾದ ಪೊಯಾಂಗ್ ಸರೋವರಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ಯಾಂಗ್‌ತ್ಸೆ ನದಿಗೆ ಕೂಡಿಕೊಂಡಿರುವ ಈ ಸರೋವರ ಬೇಸಿಗೆಯ ಮಳೆಯಲ್ಲಿ ಮೂರು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿಕೊಂಡು, ಚಳಿಗಾಲದಲ್ಲಿ ಒಂದು ಸಾವಿರಕ್ಕಿಂತ ಕಡಿಮೆಯಾಗಿ ಕುಗ್ಗುತ್ತದೆ. ಜಗತ್ತಿನಲ್ಲಿ ಉಳಿದಿರುವ ಸೈಬೀರಿಯನ್ ಕ್ರೌಂಚಗಳಲ್ಲಿ ಬಹುತೇಕ ಎಲ್ಲವೂ ಚಳಿಗಾಲ ಕಳೆಯುವುದು ಈ ಒಂದು ಸರೋವರದ ಸುತ್ತಮುತ್ತ. ಅವು ಕೆಸರಿನಿಂದ ಅಗೆದು ತಿನ್ನುವುದು ನೀರೊಳಗೆ ಬೆಳೆಯುವ ಗಿಡವೊಂದರ ಗೆಡ್ಡೆಗಳನ್ನು. ಆ ಗಿಡ ಬೇಸಿಗೆಯಲ್ಲಿ ಬೆಳೆಯಬೇಕಾದರೆ ನೀರು ಬಿಸಿಲು ಇಳಿಯುವಷ್ಟು ತಿಳಿಯಾಗಿ, ಹಿತಮಿತವಾಗಿ ಇರಬೇಕು. ಚಳಿಗಾಲದಲ್ಲಿ ಕ್ರೌಂಚಗಳು ಅದನ್ನು ಅಗೆಯಬೇಕಾದರೆ ನೀರು ಇಳಿದಿರಬೇಕು. 2010ರ ಬೇಸಿಗೆಯಲ್ಲಿ ನೆರೆ ಮಿತಿಮೀರಿದಾಗ ಗೆಡ್ಡೆಗಳು ಬೆಳೆಯಲಿಲ್ಲ. ಆ ಚಳಿಗಾಲದಲ್ಲಿ ಕ್ರೌಂಚಗಳು ನೀರು ಬಿಟ್ಟು ಹುಲ್ಲುಗಾವಲುಗಳಲ್ಲಿ ಅಗೆಯತೊಡಗಿದವು. ಇನ್ನೊಂದು ತುದಿಯಲ್ಲಿ, ಯಾಂಗ್‌ತ್ಸೆಯ ಮೇಲಿನ ತ್ರೀ ಗಾರ್ಜಸ್ ಅಣೆಕಟ್ಟು 2003ರಿಂದ ನೀರು ಹಿಡಿಯತೊಡಗಿದ ಮೇಲೆ ಶರತ್ಕಾಲದಲ್ಲಿ ಸರೋವರದ ನೀರು ಹಿಂದಿಗಿಂತ ಬೇಗನೆ ಇಳಿಯುತ್ತಿದೆ. ವರ್ಷದ ಒಟ್ಟು ನೀರು ಎಷ್ಟು ಎಂಬ ಒಂದೇ ಅಂಕಿಯನ್ನು ನೋಡುವವರಿಗೆ ಈ ಹಾನಿ ಕಣ್ಣಿಗೆ ಬೀಳುವುದೇ ಇಲ್ಲ.

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪ್ಲಾಟ್ ನದಿಯಲ್ಲಿ ಕೆಟ್ಟಿದ್ದು ನೀರಿನ ಆಳಕ್ಕಿಂತ ಹೆಚ್ಚಾಗಿ ನದಿಯ ಪಾತ್ರ. ಪ್ರತಿ ವಸಂತದಲ್ಲಿ ಐದು ಲಕ್ಷಕ್ಕೂ ಹೆಚ್ಚು ಸ್ಯಾಂಡ್‌ಹಿಲ್ ಕ್ರೌಂಚಗಳು, ಅಂದರೆ ಆ ಜಾತಿಯ ಹೆಚ್ಚಿನ ಪಾಲು, ಈ ನದಿಯ ಸುಮಾರು 130 ಕಿಲೋಮೀಟರ್ ಉದ್ದದ ಭಾಗದಲ್ಲಿ ಇಳಿಯುತ್ತವೆ. ಹಗಲು ಸುತ್ತಲಿನ ಹೊಲಗಳಲ್ಲಿ ಉದುರಿದ ಮೆಕ್ಕೆಜೋಳ ತಿಂದು, ಸಂಜೆ ನದಿಯ ನಡುವಿನ ಮರಳುದಿಬ್ಬಗಳ ಸುತ್ತ ಆಳವಿಲ್ಲದ ನೀರಿಗೆ ಬಂದು ನಿಲ್ಲುತ್ತವೆ. ಮೇಲ್ಭಾಗದ ಅಣೆಕಟ್ಟುಗಳೂ ಕಾಲುವೆಗಳೂ ನೀರಿನ ದೊಡ್ಡ ಪಾಲನ್ನು ತೆಗೆದುಕೊಂಡ ಮೇಲೆ ದಿಬ್ಬಗಳನ್ನು ವರ್ಷಕ್ಕೊಮ್ಮೆ ತೊಳೆದು ಬೋಳಾಗಿಸುತ್ತಿದ್ದ ನೆರೆ ನಿಂತಿತು. ದಿಬ್ಬಗಳ ಮೇಲೆ ಮರಗಿಡಗಳು ಬೆಳೆದವು, ಅಗಲವಾಗಿ ಹರಡಿದ್ದ ಪಾತ್ರ ಹಲವು ಕಡೆ ಕಿರಿದಾಗಿ ಕಾಲುವೆಗಳಂತಾಯಿತು. ಮರಗಳ ಮರೆಯಿರುವಲ್ಲಿ ಕ್ರೌಂಚ ರಾತ್ರಿ ನಿಲ್ಲುವುದಿಲ್ಲ, ಏಕೆಂದರೆ ಅದಕ್ಕೆ ಸುತ್ತಲೂ ದೂರದವರೆಗೆ ಕಾಣಬೇಕು. ಇದೇ ನದಿಯನ್ನು ಆಶ್ರಯಿಸುವ ಹೂಪಿಂಗ್ ಕ್ರೌಂಚಗಳು 1940ರ ದಶಕದ ಆರಂಭದಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದು ಅಳಿವಿನ ಅಂಚಿಗೆ ಬಂದಿದ್ದವು ಎಂಬುದನ್ನು ನೆನೆದರೆ, ಇನ್ನೂ ತೆರೆದಿರುವ ಒಂದೊಂದು ಮರಳುದಿಬ್ಬದ ಬೆಲೆಯೂ ಅರ್ಥವಾದೀತು. 2007ರಲ್ಲಿ ಮೂರು ರಾಜ್ಯಗಳೂ ಒಕ್ಕೂಟ ಸರ್ಕಾರವೂ ಸೇರಿ ಆ ನದಿಯ ಪುನಶ್ಚೇತನ ಕಾರ್ಯಕ್ರಮ ಆರಂಭಿಸಿ, ಹರಿವಿನ ಒಂದು ಪಾಲನ್ನು ನದಿಗೇ ಮೀಸಲಿಡಲು ಒಪ್ಪಿಕೊಂಡವು. ಗಿಡಗಳನ್ನು ಕಿತ್ತು ದಿಬ್ಬಗಳನ್ನು ಬೋಳಾಗಿಡುವ ಕೆಲಸವನ್ನು ಅಲ್ಲಿ ಈಗ ಯಂತ್ರಗಳಿಂದ ಮಾಡಿಸಬೇಕಾಗಿದೆ. ಹಿಂದೆ ಅದನ್ನು ನೆರೆಯೇ ಖರ್ಚಿಲ್ಲದೆ ಮಾಡುತ್ತಿತ್ತು.

ಮರಳಿನ ಮೇಲೇ ಮೊಟ್ಟೆಯಿಡುವ ಹಕ್ಕಿಗಳ ಪಾಡು ಇನ್ನೂ ಕಷ್ಟದ್ದು. ಭಾರತದ ಚಂಬಲ್ ನದಿಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಮರಿ ಮಾಡಿ, ಆಮೇಲೆ ದೂರದ ನದೀಮುಖಗಳಿಗೂ ಕರಾವಳಿಗೂ ಚದುರುವ ಇಂಡಿಯನ್ ಸ್ಕಿಮ್ಮರ್ ಇಂದು ಜಗತ್ತಿನಲ್ಲಿ ಮೂರು ಸಾವಿರಕ್ಕಿಂತ ಕಡಿಮೆ ಉಳಿದಿದೆ ಎಂಬ ಅಂದಾಜಿದೆ. ನೀರು ಅಕಾಲದಲ್ಲಿ ತೀರ ಇಳಿದರೆ ನಡುಗಡ್ಡೆ ದಂಡೆಗೆ ಕೂಡಿಕೊಂಡು ನಾಯಿ, ನರಿ, ದನಕರುಗಳು ಗೂಡಿನವರೆಗೆ ನಡೆದುಬರುತ್ತವೆ. ಮೇಲಿನಿಂದ ಏಕಾಏಕಿ ನೀರು ಬಿಟ್ಟರೆ ಮೊಟ್ಟೆಗಳು ತೇಲಿಹೋಗುತ್ತವೆ. ವಿದ್ಯುತ್ ಬೇಡಿಕೆಗೆ ತಕ್ಕಂತೆ ದಿನಕ್ಕೆ ಹಲವು ಬಾರಿ ನೀರು ಏರಿಸಿ ಇಳಿಸುವ ಪದ್ಧತಿಯಿರುವಲ್ಲಿ ಇಂಥ ಹಕ್ಕಿಗಳು ಮರಿ ಮಾಡಲು ಆಗುವುದೇ ಇಲ್ಲ. ದಂಡೆಗಳಿಗೆ ಕಲ್ಲು, ಕಾಂಕ್ರೀಟು ಹೊದಿಸಿದಲ್ಲಿ, ಕೊರೆದು ಕಡಿದಾದ ಮಣ್ಣಿನ ಗೋಡೆಗಳಲ್ಲಿ ಬಿಲ ತೋಡುವ ಮರಳು ಅಂಬರಗುಬ್ಬಿಗಳಿಗೆ ಜಾಗವಿಲ್ಲದಾಗುತ್ತದೆ. ಅಣೆಕಟ್ಟಿನ ಹಿಂದೆ ಹೂಳು ನಿಂತುಬಿಡುವುದರಿಂದ ಕೆಳಭಾಗದ ದಿಬ್ಬಗಳಿಗೆ ಹೊಸ ಮರಳು ಬರುವುದಿಲ್ಲ. ಇದ್ದ ಮರಳನ್ನು ಗಣಿಗಾರಿಕೆ ಬಾಚಿಕೊಳ್ಳುತ್ತದೆ.

ಇದೆಲ್ಲ ಅಭಿವೃದ್ಧಿಗೆ ತೆರಬೇಕಾದ ಬೆಲೆ, ಸರಿಪಡಿಸಲು ಬಾರದು ಎಂದು ತಾವು ಹೇಳಬಹುದು. ಸರಿಪಡಿಸಿದವರಿದ್ದಾರೆ. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ಮೇಲೆ 1986ರಲ್ಲಿ ಡಯಾಮಾ ಅಡ್ಡಕಟ್ಟೆ ಪೂರ್ಣಗೊಂಡಾಗ, ಅದರ ಕೆಳಗಿನ ಮಾರಿಟೇನಿಯಾ ಕಡೆಯ ಮುಖಜಭೂಮಿಗೆ ನೆರೆ ತಲುಪುವುದು ನಿಂತು ನೆಲ ಒಣಗಿ ಉಪ್ಪಾಯಿತು. ಸಹಾರಾ ಮರುಭೂಮಿಯನ್ನು ದಾಟಿ ಬಂದ ಹಕ್ಕಿಗಳಿಗೆ ಸಿಗುವ ಮೊದಲ ದೊಡ್ಡ ಜೌಗುನೆಲಗಳಲ್ಲಿ ಅದೂ ಒಂದು. 1991ರಲ್ಲಿ ಅಲ್ಲಿ ಡಿಯಾವ್ಲಿಂಗ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು, 1994ರಿಂದ ತೂಬುಗಳ ಮೂಲಕ ಲೆಕ್ಕಾಚಾರದ ಕೃತಕ ನೆರೆ ಬಿಡಲಾಯಿತು. ಹುಲ್ಲು ಚಿಗುರಿತು, ಮೀನು ಬಂತು, ಹಕ್ಕಿಗಳು ಬಂದವು; ಅಲ್ಲಿನ ಹೆಂಗಸರು ಚಾಪೆ ನೇಯಲು ಬಳಸುವ ಹುಲ್ಲು ಕೂಡ ಮರಳಿ ಬೆಳೆಯಿತು. ಗಮನಿಸಬೇಕಾದ ಸಂಗತಿಯೆಂದರೆ, ಇದಕ್ಕಾಗಿ ಅಡ್ಡಕಟ್ಟೆಯನ್ನು ಯಾರೂ ಒಡೆಯಲಿಲ್ಲ. ಅದೇ ರೀತಿ ಕೊಲರಾಡೊ ನದಿಯ ವಿಚಾರದಲ್ಲಿ ಅಮೆರಿಕ ಮತ್ತು ಮೆಕ್ಸಿಕೊ 2012ರಲ್ಲಿ ಮಾಡಿಕೊಂಡ ಒಪ್ಪಂದದಂತೆ 2014ರ ವಸಂತದಲ್ಲಿ ಎಂಟು ವಾರಗಳ ಕಾಲ ಸುಮಾರು 13 ಕೋಟಿ ಘನ ಮೀಟರ್ ನೀರನ್ನು ಒಣಗಿದ್ದ ಮುಖಜಭೂಮಿಗೆ ಬಿಡಲಾಯಿತು. ನದಿಯ ಒಟ್ಟು ಹರಿವಿನಲ್ಲಿ ಅದು ತೀರ ಸಣ್ಣ ಪಾಲು. ದಂಡೆಯ ಮರಗಳು ಹಸಿರಾದವು, ಹೊಸ ಸಸಿಗಳು ಮೊಳೆತವು, ಹಕ್ಕಿಗಳ ಸಂಖ್ಯೆಯೂ ವೈವಿಧ್ಯವೂ ಹೆಚ್ಚಿತು. ಒಣ ಪ್ರದೇಶಗಳಲ್ಲಿ ನದಿದಂಡೆಯ ಮರಗಳ ತೆಳು ಪಟ್ಟಿಯೇ ಸಣ್ಣ ಹಾಡುಹಕ್ಕಿಗಳ ದಾರಿ ಎಂಬುದನ್ನು ಇಲ್ಲಿ ಸೇರಿಸಬೇಕು, ಏಕೆಂದರೆ ವಲಸೆ ಹಕ್ಕಿ ಎಂದೊಡನೆ ನಮ್ಮ ಕಣ್ಣಿಗೆ ಬಾತು, ಕೊಕ್ಕರೆಗಳಷ್ಟೇ ಬರುತ್ತವೆ.

ನೆರೆಗೆ ಜಾಗ ಬಿಡುವುದೆಂದರೆ ಜನರನ್ನು ಅಪಾಯಕ್ಕೆ ಒಡ್ಡುವುದು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೆರೆಯಲ್ಲಿ ಮನೆಮಠ ಕಳೆದುಕೊಂಡವರ ಮುಂದೆ ಹಕ್ಕಿಯ ಮಾತೆತ್ತುವುದು ಸುಲಭವಲ್ಲ. ಆದರೆ ನೆದರ್‌ಲ್ಯಾಂಡ್ಸ್ ದೇಶ ಜನರ ಸುರಕ್ಷತೆಗಾಗಿಯೇ ಈ ದಾರಿ ಹಿಡಿಯಿತು. 1995ರಲ್ಲಿ ನದಿಗಳು ಉಕ್ಕಿದಾಗ ಅಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಆಮೇಲೆ ಒಡ್ಡುಗಳನ್ನು ಇನ್ನಷ್ಟು ಎತ್ತರಿಸುವುದಕ್ಕೆ ಬದಲಾಗಿ ಮೂವತ್ತಕ್ಕೂ ಹೆಚ್ಚು ಕಡೆ ಒಡ್ಡುಗಳನ್ನು ಹಿಂದಕ್ಕೆ ಸರಿಸುವುದು, ನೆರೆ ಬಯಲನ್ನು ತಗ್ಗಿಸುವುದು, ಪಕ್ಕದ ಕಾಲುವೆಗಳನ್ನು ತೆರೆಯುವುದು ಮೊದಲಾದ ಕ್ರಮಗಳಿಂದ ನದಿಗೇ ಜಾಗ ಮಾಡಿಕೊಟ್ಟರು. ನೆರೆಯ ಎತ್ತರ ತಗ್ಗಿತು, ಜೊತೆಗೆ ನೀರಹಕ್ಕಿಗಳಿಗೆ ಬಯಲೂ ದೊರೆಯಿತು. ಇಕ್ಕಟ್ಟಾದ ಪಾತ್ರದಲ್ಲಿ ನದಿಯನ್ನು ಬಿಗಿದಿಟ್ಟು ಕೆಳಗಿನ ಊರುಗಳಿಗೆ ಅಪಾಯ ಹೆಚ್ಚಿಸುವುದೂ, ಅದೇ ಬಿಗಿತದಿಂದ ಹಕ್ಕಿಗಳ ಮೇವಿನ ನೆಲ ಕಸಿಯುವುದೂ ಒಂದೇ ಕಾಮಗಾರಿಯ ಎರಡು ಫಲಗಳು.

ಈ ಹಿನ್ನೆಲೆಯಲ್ಲಿ ನನ್ನ ಕೋರಿಕೆಗಳನ್ನು ತಮ್ಮ ಮುಂದಿಡುತ್ತೇನೆ. ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿಯೊಂದು ಅಣೆಕಟ್ಟು ಮತ್ತು ಅಡ್ಡಕಟ್ಟೆಯ ನಿರ್ವಹಣಾ ನಿಯಮಗಳಲ್ಲಿ ವಲಸೆ ಹಕ್ಕಿಗಳ ಕಾಲಪಟ್ಟಿಗೆ ಒಂದು ಕಲಮು ಬರೆಯಿರಿ. ಹಕ್ಕಿಗಳು ಬರುವ ವಾರಗಳಲ್ಲಿ ಹಿನ್ನೀರಿನ ಅಂಚು ಹಂತಹಂತವಾಗಿ ಇಳಿಯುವಂತೆಯೂ, ಮರಳಿನ ಮೇಲೆ ಗೂಡುಗಳಿರುವ ವಾರಗಳಲ್ಲಿ ಕೆಳಭಾಗದ ನೀರು ಹಠಾತ್ತನೆ ಏರದಂತೆಯೂ, ಮಳೆಗಾಲದಲ್ಲಿ ಒಮ್ಮೆಯಾದರೂ ಪಾತ್ರವನ್ನು ತೊಳೆಯುವಷ್ಟು ನೀರು ಹರಿಯುವಂತೆಯೂ ಅದು ಸ್ಪಷ್ಟ ಮಟ್ಟಗಳನ್ನು, ದಿನಾಂಕಗಳನ್ನು ಹೇಳಬೇಕು. ನಾನು ಕೇಳುತ್ತಿರುವುದರಲ್ಲಿ ಬಹುಪಾಲು ಹೆಚ್ಚುವರಿ ನೀರಲ್ಲ, ಹೇಗಿದ್ದರೂ ಬಿಡಲಿರುವ ನೀರಿನ ಸಮಯ ಮತ್ತು ವೇಗ. ಬರಗಾಲದ ವರ್ಷಗಳಲ್ಲಿ ಕುಡಿಯುವ ನೀರಿಗೇ ಆದ್ಯತೆಯಿರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಂಥ ವರ್ಷಗಳ ವಿನಾಯಿತಿ ಎಲ್ಲ ವರ್ಷಗಳ ರೂಢಿಯಾಗದಿರಲಿ.

ಎರಡನೆಯದಾಗಿ, ಹೊಸ ಒಡ್ಡು, ದಂಡೆ ಬಲಪಡಿಸುವ ಕಾಮಗಾರಿ ಅಥವಾ ಮರಳು ಗಣಿಗಾರಿಕೆಗೆ ಅನುಮತಿ ನೀಡುವ ಮುನ್ನ ಆ ಸ್ಥಳವನ್ನು ವರ್ಷದ ಎಲ್ಲ ಋತುಗಳಲ್ಲೂ ಸಮೀಕ್ಷೆ ಮಾಡಿಸಿ. ಹಕ್ಕಿಗಳಿಲ್ಲದ ತಿಂಗಳಲ್ಲಿ ಹೋಗಿ ಹಕ್ಕಿಗಳಿಲ್ಲ ಎಂದು ಬರೆದ ವರದಿಯನ್ನು ಸಮೀಕ್ಷೆಯೆಂದು ಒಪ್ಪಬೇಡಿ. ಅರುಣಾಚಲ ಪ್ರದೇಶದ ನ್ಯಾಮ್‌ಜಂಗ್ ಚೂ ನದಿಯ 780 ಮೆಗಾವಾಟ್ ಜಲವಿದ್ಯುತ್ ಯೋಜನೆಗೆ ಕೊಟ್ಟಿದ್ದ ಪರಿಸರ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಅಮಾನತಿನಲ್ಲಿಟ್ಟಿತು. ಕಪ್ಪುಕೊರಳಿನ ಕ್ರೌಂಚಗಳು ಚಳಿಗಾಲ ಕಳೆಯುವ ನದಿಯ ಭಾಗವೇ ಆ ಯೋಜನೆಗೆ ಸಿಲುಕುತ್ತಿದ್ದುದು ಅಲ್ಲಿನ ಮುಖ್ಯ ಪ್ರಶ್ನೆಯಾಗಿತ್ತು. ನ್ಯಾಯಾಲಯದವರೆಗೆ ಹೋಗಿ ತಿಳಿಯಬೇಕಾದ ವಿಷಯ ಅದಾಗಿರಬಾರದಿತ್ತು. ಕಣಿವೆಗೆ ಅಡ್ಡಲಾಗಿ ಹಾಯುವ ವಿದ್ಯುತ್ ತಂತಿಗಳ ವಿಚಾರದಲ್ಲೂ ಇದೇ ಮುನ್ನೋಟ ಬೇಕು. ಭೂತಾನ್ ತನ್ನ ಫೋಬ್‌ಜಿಖಾ ಕಣಿವೆಯಲ್ಲಿ ಇದೇ ಕ್ರೌಂಚಗಳಿಗಾಗಿ ತಂತಿಗಳನ್ನು ನೆಲದಡಿಯಲ್ಲಿ ಹಾಯಿಸಿದೆ.

ಮೂರನೆಯದಾಗಿ, ದಿನನಿತ್ಯದ ನೀರಿನ ಮಟ್ಟ ಮತ್ತು ಬಿಡುಗಡೆಯ ಅಂಕಿಗಳನ್ನು ಸಾರ್ವಜನಿಕರಿಗೆ ತೆರೆದಿಡಿ. ನೀರಹಕ್ಕಿಗಳ ಅಂತರರಾಷ್ಟ್ರೀಯ ಗಣತಿ 1967ರಿಂದಲೂ, ಏಷ್ಯಾದ ಗಣತಿ 1987ರಿಂದಲೂ ನಡೆದುಬಂದಿವೆ. ಪ್ರತಿ ಜನವರಿಯಲ್ಲಿ ಸಾವಿರಾರು ಸ್ವಯಂಸೇವಕರು ಚಳಿಯಲ್ಲಿ ನಿಂತು ಎಣಿಸುತ್ತಾರೆ. ಹಕ್ಕಿಗಳ ಅಂಕಿ ಒಂದು ಕಡೆ, ನೀರಿನ ಅಂಕಿ ಇನ್ನೊಂದು ಕಡತದಲ್ಲಿ ಉಳಿದರೆ, ಯಾವ ಬಿಡುಗಡೆ ಒಳಿತು ಮಾಡಿತು, ಯಾವುದು ಕೆಡುಕು ಮಾಡಿತು ಎಂದು ಯಾರೂ ಹೇಳಲಾರರು. ಎರಡನ್ನೂ ಒಟ್ಟಿಗಿಟ್ಟು ನೋಡಲು ತಮ್ಮ ತಾಂತ್ರಿಕ ಸಮಿತಿಗಳಲ್ಲಿ ಒಬ್ಬ ಪಕ್ಷಿತಜ್ಞರಿಗೆ ಸ್ಥಾನ ಕೊಡಿ.

ಜೌಗುನೆಲಗಳ ರಕ್ಷಣೆಗಾಗಿ ಆದ 1971ರ ರಾಮ್ಸರ್ ಒಪ್ಪಂದಕ್ಕೂ 1979ರ ವಲಸೆ ಪ್ರಾಣಿಗಳ ಒಪ್ಪಂದಕ್ಕೂ ತಮ್ಮಲ್ಲಿ ಅನೇಕರ ಸರ್ಕಾರಗಳು ಸಹಿ ಹಾಕಿವೆ. ಎರಡನೆಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳಲ್ಲಿ ಶೇ 44ರಷ್ಟು ಜಾತಿಗಳ ಸಂಖ್ಯೆ ಇಳಿಯುತ್ತಿದೆ ಎಂದು 2024ರ ವರದಿ ಹೇಳಿದೆ. ಆ ಸಹಿಗಳ ಹೊಣೆ ಪರಿಸರ ಮಂತ್ರಾಲಯಕ್ಕೆ ಸೇರಿದ್ದು, ನೀರಾವರಿ ಇಲಾಖೆಗಲ್ಲ ಎಂಬ ವಾದವನ್ನು ನಾನು ಒಪ್ಪಲಾರೆ. ಒಪ್ಪಂದ ಮಾಡಿಕೊಂಡಿರುವುದು ದೇಶ, ಅದರ ಒಂದು ಇಲಾಖೆಯಲ್ಲ.

ಮುಂದಿನ ವಲಸೆ ಋತು ಆರಂಭವಾಗುವುದಕ್ಕೆ ಮುಂಚೆ ತಮ್ಮ ವ್ಯಾಪ್ತಿಯ ಒಂದಾದರೂ ಅಡ್ಡಕಟ್ಟೆಯಲ್ಲಿ ಮೇಲೆ ಹೇಳಿದ ಕ್ರಮವನ್ನು ಪ್ರಾಯೋಗಿಕವಾಗಿ ಜಾರಿಗೆ ತಂದು, ಅದರ ಫಲಿತಾಂಶವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಸಾಧ್ಯವಿಲ್ಲವೆಂದಾದರೆ ಯಾವ ಕಾರಣಕ್ಕೆ, ಎಷ್ಟು ನೀರಿನ ಅಥವಾ ವಿದ್ಯುತ್ತಿನ ನಷ್ಟವಾಗುತ್ತದೆಂಬ ಲೆಕ್ಕದ ಮೇಲೆ ಎಂಬುದನ್ನು ಲಿಖಿತವಾಗಿ ಸಾರ್ವಜನಿಕರಿಗೆ ತಿಳಿಸಬೇಕೆಂದೂ ಕೋರುತ್ತೇನೆ.

ಗೌರವಪೂರ್ವಕವಾಗಿ,
ನದಿ ದಂಡೆಯ ಹಕ್ಕಿಗಳನ್ನು ಗಮನಿಸುತ್ತ ಬಂದಿರುವ ಒಬ್ಬ ನಾಗರಿಕ